ಪತ್ತೇದಾರಿ ಕಾದಂಬರಿಯೂ ಕರುಣರಸವೂ

ವಿದ್ಯಾವಂತರ ಮನೆಗಳಲ್ಲಿ ಪತ್ತೇದಾರಿ ಕಾದಂಬರಿಗೆ ಸಲ್ಲುವ ಮರ್ಯಾದೆ ವಿಚಿತ್ರವಾದುದು. ಅದನ್ನು ಓದದವರು ವಿರಳ. ಓದುತ್ತೇವೆಂದು ನಾಲ್ವರ ಮುಂದೆ ಒಪ್ಪಿಕೊಳ್ಳುವವರು ಇನ್ನೂ ವಿರಳ. ನಡುಮನೆಯ ಕಪಾಟಿನಲ್ಲಿ ಕಾವ್ಯ, ಇತಿಹಾಸ, ವೇದಾಂತಗಳು ಗಾಜಿನ ಹಿಂದೆ ಸಾಲಾಗಿ ನಿಂತಿರುತ್ತವೆ. ಕೊಲೆಯ ಕಥೆಯಾದರೋ ತಲೆದಿಂಬಿನ ಕೆಳಗೋ ಪ್ರಯಾಣದ ಕೈಚೀಲದಲ್ಲೋ ಅಡಗಿರುತ್ತದೆ. ಎನ್. ನರಸಿಂಹಯ್ಯನವರು ಬರೆದ ನೂರಾರು ಪತ್ತೇದಾರಿ ಕಾದಂಬರಿಗಳು ಕನ್ನಡದಲ್ಲಿ ಎಷ್ಟೋ ಜನರಿಗೆ ಓದುವ ಅಭ್ಯಾಸವನ್ನೇ ಹಚ್ಚಿದುವು. ಆದರೂ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಅವುಗಳಿಗೆ ದೊರೆತ ಎಡೆ ಅತ್ಯಲ್ಪ.

ಈ ಉಪೇಕ್ಷೆಗೆ ಕಾರಣವಿಲ್ಲದೆ ಇಲ್ಲ. ಕೊಲೆಯೆಂಬ ಘೋರಕೃತ್ಯವನ್ನು ಒಂದು ಹೊತ್ತಿನ ವಿನೋದಕ್ಕೆ ಸಾಧನವನ್ನಾಗಿ ಮಾಡಿಕೊಳ್ಳುವುದು ಸಾಧುವೇ? ಮನೆಯಲ್ಲಿ ಎಳೆಯರ ಕೈಗೆ ಇಂತಹ ಗ್ರಂಥಗಳನ್ನು ಕೊಡಬಹುದೇ? ಹೀಗೆಂದು ಕೇಳುವ ಹಿರಿಯರ ಸಂಶಯವನ್ನು ನಕ್ಕು ತಳ್ಳಿಹಾಕಲಾಗದು. ಅದಕ್ಕೆ ಸಮಾಧಾನ ಹೇಳದೆ, ಇಂತಿಂತಹ ಹೊಸ ಪುಸ್ತಕಗಳು ಬಂದಿವೆ, ಓದಿರಿ ಎಂದು ಪಟ್ಟಿ ಕೊಟ್ಟರೆ ವಿಮರ್ಶೆಯ ಕೆಲಸ ನಡೆದಂತಾಗುವುದಿಲ್ಲ. ಆದುದರಿಂದ ಇತ್ತೀಚಿನ ಕೆಲವು ಕಾದಂಬರಿಗಳನ್ನು ಮುಂದಿಟ್ಟುಕೊಂಡು, ಈ ಜಾತಿಯ ಕಥೆಯಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವುದು ಈ ಲೇಖನದ ಉದ್ದೇಶ.

ಪಶ್ಚಿಮದಲ್ಲಿ ಈ ಪ್ರಕಾರಕ್ಕೆ ಎಡ್ಗರ್ ಆಲನ್ ಪೋ ೧೮೪೧ರಲ್ಲಿ ಪ್ರಕಟಿಸಿದ ಕಥೆಯೊಂದು ಆದಿಯೆಂದು ಹೇಳುವುದು ವಾಡಿಕೆ. ವಿಲ್ಕಿ ಕಾಲಿನ್ಸ್ ೧೮೬೮ರಲ್ಲಿ ‘ದಿ ಮೂನ್‌ಸ್ಟೋನ್’ ಎಂಬ ಕಾದಂಬರಿಯನ್ನು ಬರೆದನು. ಭಾರತದಿಂದ ಅಪಹೃತವಾದ ವಜ್ರವೊಂದು ಅದರ ಕಥಾವಸ್ತು. ೧೮೮೭ರಲ್ಲಿ ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ ಕಾಣಿಸಿಕೊಂಡನು. ೧೯೨೦ರಿಂದ ಅಗಾಥಾ ಕ್ರಿಸ್ಟಿಯ ಗ್ರಂಥಗಳು ಬರತೊಡಗಿದುವು. ೧೯೨೯ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿಯು ಇಂತಹ ಕಥೆಗಳಿಗೆ ಹತ್ತು ವಿಧಿಗಳನ್ನೂ ಬರೆದಿಟ್ಟನು. ಅಪರಾಧಿಯು ಕಥೆಯ ಮೊದಲ ಭಾಗದಲ್ಲಿಯೇ ಕಾಣಿಸಿಕೊಂಡಿರಬೇಕು. ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಸಿಕ್ಕಬೇಕು. ಭೂತಪ್ರೇತಗಳ ಸಹಾಯ ಪಡೆಯಕೂಡದು—ಹೀಗೆ. ವಿಧಿಗಳು ಜಾಣತನದಿಂದ ಕೂಡಿವೆ. ಅಪರಾಧಿ, ಪತ್ತೇದಾರ, ಪತ್ತೇದಾರನ ಗೆಳೆಯ, ಓದುಗ—ಎಲ್ಲರ ವಿಷಯವೂ ಅಲ್ಲಿ ಬರುತ್ತದೆ. ಆದರೆ ಹತ್ತರಲ್ಲಿ ಒಂದಾದರೂ ಸತ್ತವನ ವಿಷಯವನ್ನು ಎತ್ತುವುದಿಲ್ಲ! ಚದುರಂಗದ ಮಣೆಯ ಮೇಲೆ ಬಿದ್ದ ಕಾಲಾಳಿಗಾಗಿ ಯಾರು ಅಳುತ್ತಾರೆ? ಹಿರಿಯರ ಸಂಶಯದ ಬೇರು ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ರಹಸ್ಯದ ಕಥೆ ಸಾಮಾನ್ಯವಾಗಿ ಅದ್ಭುತರಸವನ್ನು ಆಶ್ರಯಿಸುತ್ತದೆ. ಅದಕ್ಕೆ ಸ್ಥಾಯಿಭಾವ ವಿಸ್ಮಯ. ಇಂತಹ ಕಥೆಯಲ್ಲಿ ವಿಸ್ಮಯಕ್ಕೆ ಆಯುಸ್ಸು ಕಡಮೆ. ಗಂಟು ಬಿಚ್ಚಿದೊಡನೆಯೇ ಅದು ತೀರಿಹೋಗುತ್ತದೆ, ಪುಸ್ತಕ ಹಳೆಯ ಪತ್ರಿಕೆಗಳ ಕಟ್ಟಿಗೆ ಸೇರುತ್ತದೆ. ಕರುಣಕ್ಕೆ ಸ್ಥಾಯಿಯಾದ ಶೋಕವಾದರೋ ತಿಳಿದ ಕಥೆಯಲ್ಲಿಯೂ ಮತ್ತೆ ಮತ್ತೆ ಮನಸ್ಸನ್ನು ಕರಗಿಸಬಲ್ಲುದು. ಶೂದ್ರಕನ ‘ಮೃಚ್ಛಕಟಿಕ’ವನ್ನು ನೆನೆಯಿರಿ. ಎಂಟನೆಯ ಅಂಕದಲ್ಲಿ ಶಕಾರನು ವಸಂತಸೇನೆಯ ಕೊರಳನ್ನು ಹಿಸುಕುವುದನ್ನು ಪ್ರೇಕ್ಷಕರು ಕಣ್ಣಾರೆ ಕಾಣುತ್ತಾರೆ. ಅವಳ ಪ್ರಾಣ ಹೋಗಿಲ್ಲವೆಂಬುದನ್ನೂ ತಿಳಿಯುತ್ತಾರೆ. ಒಂಬತ್ತನೆಯ ಅಂಕದ ನ್ಯಾಯಸ್ಥಾನದಲ್ಲಿ ಅದೇ ಶಕಾರನು ಚಾರುದತ್ತನ ಮೇಲೆ ಕೊಲೆಯ ದೂರು ಹೊರಿಸುತ್ತಾನೆ. ಮೈತ್ರೇಯನ ಬಳಿಯಿದ್ದ ಒಡವೆಗಳು ಕೆಳಗೆ ಬೀಳುತ್ತವೆ. ನಿರಪರಾಧಿಯು ತಪ್ಪಿತಸ್ಥನಾಗಿ ತೋರುತ್ತಾನೆ. ಇಲ್ಲಿ ರಹಸ್ಯವೆಂಬುದೇ ಇಲ್ಲ. ಆದರೂ ಎದೆ ಡವಡವನೆ ಬಡಿದುಕೊಳ್ಳುತ್ತದೆ. ಸತ್ಯವನ್ನು ಬಲ್ಲ ಪ್ರೇಕ್ಷಕನು ಅದನ್ನು ನ್ಯಾಯಾಧಿಕಾರಿಗೆ ಕೂಗಿ ಹೇಳಲಾರನು. ಆ ಅಸಹಾಯತೆಯೇ ರಸಕ್ಕೆ ಮೂಲ. ಕುತೂಹಲಕ್ಕೆ ಗುಟ್ಟೊಂದೇ ಆಧಾರವಲ್ಲವೆಂಬ ಮಾತನ್ನು ನಾಟಕಕಾರನು ಬಹು ಹಿಂದೆಯೇ ಅರಿತಿದ್ದನು.

ಈ ಅಳತೆಗೋಲನ್ನು ಹಿಡಿದು ನೋಡಿದರೆ, ಹೊಸ ಕಾದಂಬರಿಗಳಲ್ಲಿ ಮೊದಲ ಮಣೆಗೆ ಅರ್ಹವಾದುದು ಜಪಾನಿನ ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. ಮೂಲವು ೨೦೦೫ರಲ್ಲಿ ಪ್ರಕಟವಾಗಿ ಜಪಾನಿನ ನವೊಕಿ ಪ್ರಶಸ್ತಿಯನ್ನು ಪಡೆಯಿತು. ಇಂಗ್ಲಿಷ್ ಅನುವಾದ ೨೦೧೧ರಲ್ಲಿ ಬಂದಿತು. ೨೦೨೩ರಲ್ಲಿ ಇದನ್ನು ಆಧರಿಸಿ ‘ಜಾನೇ ಜಾನ್’ ಎಂಬ ಹಿಂದೀ ಚಲನಚಿತ್ರವೂ ಆಯಿತು. ಕಥೆ ನಡೆಯುವುದು ಟೋಕಿಯೊ ನಗರದಲ್ಲಿ. ಊಟದ ಡಬ್ಬಿಗಳನ್ನು ಮಾರುವ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತ ಮಗಳನ್ನು ಸಾಕುತ್ತಿರುವ ಯಾಸುಕೊ ಎಂಬಾಕೆಯನ್ನು, ಬಿಡುಗಡೆಯಾದ ಗಂಡನು ಹಣಕ್ಕಾಗಿ ಪೀಡಿಸಲು ಬರುತ್ತಾನೆ. ಜಗಳದಲ್ಲಿ ಅವನು ತಾಯಿಮಗಳ ಕೈಯಿಂದ ಸಾಯುತ್ತಾನೆ. ಯಾರು ಕೊಂದರು, ಏಕೆ ಕೊಂದರು, ಹೇಗೆ ಕೊಂದರು ಎಂಬುದೆಲ್ಲವೂ ಕಥೆಯ ಆದಿಯಲ್ಲಿಯೇ ತೆರೆದಿಟ್ಟಿದೆ. ಪಕ್ಕದ ಮನೆಯಲ್ಲಿ ಇಶಿಗಾಮಿ ಎಂಬ ಗಣಿತದ ಉಪಾಧ್ಯಾಯನೊಬ್ಬನು ವಾಸವಾಗಿದ್ದಾನೆ. ಏಕಾಂಗಿ, ಮಹಾಮೇಧಾವಿಯಾಗಿದ್ದೂ ಪ್ರೌಢಶಾಲೆಯ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತ ದಿನ ನೂಕುತ್ತಿರುವವನು. ಅವನು ಗೋಡೆಯಾಚೆಯಿಂದ ಎಲ್ಲವನ್ನೂ ಊಹಿಸಿ, ತಾಯಿಮಗಳನ್ನು ಉಳಿಸುವ ಭಾರವನ್ನು ತಾನೇ ಹೊರುತ್ತಾನೆ.

ಇಶಿಗಾಮಿಗೆ ಎದುರಾಳಿಯಾಗಿ ನಿಲ್ಲುವವನು ಅವನ ಕಾಲೇಜಿನ ಗೆಳೆಯನೂ ಭೌತವಿಜ್ಞಾನಿಯೂ ಆದ ಯುಕಾವಾ. ಲೆಕ್ಕವೊಂದಕ್ಕೆ ಉತ್ತರವನ್ನು ತಾನೇ ಕಂಡುಹಿಡಿಯುವುದು ಕಷ್ಟವೋ, ಅನ್ಯರು ಕೊಟ್ಟ ಉತ್ತರ ಸರಿಯೆಂದೋ ತಪ್ಪೆಂದೋ ನಿಶ್ಚಯಿಸುವುದು ಕಷ್ಟವೋ—ಗಣಿತಜ್ಞರ ಈ ಪ್ರಶ್ನೆ ಇಬ್ಬರ ನಡುವೆ ಬರುತ್ತದೆ; ಕಾದಂಬರಿಯ ಬೀಗದಕೈಯೂ ಅದೇ. ಪೋಲೀಸರ ಮುಂದೆ ಉಪಾಧ್ಯಾಯನು ಒಂದು ಉತ್ತರವನ್ನು ಸಿದ್ಧಮಾಡಿ ಇಟ್ಟಿದ್ದಾನೆ. ಪರೀಕ್ಷೆಯಲ್ಲಿ ಅವನು ಹುಡುಗರಿಗೆ ಕೊಡುವ ಲೆಕ್ಕಗಳು ಕೂಡ, ಮೇಲುನೋಟಕ್ಕೆ ರೇಖಾಗಣಿತದಂತೆ ತೋರಿ, ವಾಸ್ತವದಲ್ಲಿ ಬೇರೊಂದು ವಿಭಾಗಕ್ಕೆ ಸೇರಿದವು. ಓದುಗನೂ ಅಂತಹ ಲೆಕ್ಕವೊಂದನ್ನೇ ಬಿಡಿಸುತ್ತಿರುತ್ತಾನೆ. ತನಗೆ ಎಲ್ಲವೂ ಗೊತ್ತಿದೆಯೆಂಬ ಹೆಮ್ಮೆಯೇ ಅವನ ಕಣ್ಣಿಗೆ ಕಟ್ಟಿದ ಪಟ್ಟಿಯಾಗುತ್ತದೆ.

ಇಲ್ಲಿ ವಿಮರ್ಶಕನಿಗೊಂದು ಧರ್ಮಸಂಕಟವುಂಟು. ಕೃತಿಯ ಹಿರಿಮೆಯನ್ನು ಪೂರ್ತಿಯಾಗಿ ತೋರಿಸಬೇಕಾದರೆ ಕೊನೆಯ ಗುಟ್ಟನ್ನು ಬಿಡಬೇಕು; ಗುಟ್ಟನ್ನು ಬಿಟ್ಟರೆ ಓದುಗನ ಪಾಲಿನದನ್ನು ಕಸಿದಂತಾಗುತ್ತದೆ. ಆದುದರಿಂದ ಇಷ್ಟು ಮಾತ್ರ ಹೇಳಬಹುದು: ಮೊದಲನೆಯ ಓದಿನಲ್ಲಿ ನಮ್ಮ ಕಣ್ಣೀರು ಇಶಿಗಾಮಿಗಾಗಿ ಹರಿಯುತ್ತದೆ. ಪುಸ್ತಕವನ್ನು ಮತ್ತೊಮ್ಮೆ ಮೊದಲ ಪುಟದಿಂದ ತೆರೆದವನಿಗೆ ಆ ಕಣ್ಣೀರು ಇನ್ನಾರಿಗೆ ಸಲ್ಲತಕ್ಕುದಾಗಿತ್ತೆಂಬುದು ಹೊಳೆದು ಮೈ ಜುಮ್ಮೆನ್ನುತ್ತದೆ. ಪ್ರೀತಿಗಾಗಿ ಸರ್ವಸ್ವವನ್ನೂ ತೆತ್ತವನ ಕಥೆ ಇದೆಂದು ಕೊಂಡಾಡುವವರು ಅನೇಕರಿದ್ದಾರೆ. ತನ್ನದನ್ನು ತೆರುವುದು ತ್ಯಾಗ. ತನ್ನದಲ್ಲದ್ದನ್ನು ತೆತ್ತರೆ ಅದಕ್ಕೆ ಏನು ಹೆಸರು? ಕಾದಂಬರಿಯು ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳದಿದ್ದರೂ, ಕೇಳಿಕೊಳ್ಳುವ ಓದುಗನಿಗೆ ಬೇಕಾದುದೆಲ್ಲವನ್ನೂ ಒದಗಿಸಿದೆ. ಒಂದು ಆಕ್ಷೇಪಣೆಯುಂಟು: ಕಟ್ಟಕಡೆಯಲ್ಲಿ ಲೇಖಕರು ಭಕ್ತನ ಆರ್ತನಾದವನ್ನು ಕೇಳಿಸುವಷ್ಟು, ದನಿಯಿಲ್ಲದವರ ಮೌನವನ್ನು ಕೇಳಿಸುವುದಿಲ್ಲ. ಅಲ್ಲಿ ಇನ್ನೊಂದು ಪುಟದ ಹೊತ್ತು ನಿಂತಿದ್ದರೆ ಕೃತಿ ಇನ್ನೂ ದೊಡ್ಡದಾಗುತ್ತಿತ್ತು.

ಜಪಾನಿನ ಲೇಖಕರು ಓದುಗನಿಗೆ ಬಿಟ್ಟ ಕೆಲಸವನ್ನು ಜೇನ್ ಹಾರ್ಪರ್ ಎಂಬ ಲೇಖಕಿಯು ತಾವೇ ಮಾಡಿದ್ದಾರೆ. ೨೦೧೬ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ ‘ದಿ ಡ್ರೈ’, ಆಸ್ಟ್ರೇಲಿಯದ ಕೀವಾರಾ ಎಂಬ ಕಲ್ಪಿತ ಗ್ರಾಮದ ಕಥೆ. ಅಲ್ಲಿ ಎರಡು ವರ್ಷಗಳಿಂದ ಮಳೆ ಬಿದ್ದಿಲ್ಲ. ಲ್ಯೂಕ್ ಎಂಬ ರೈತನು ಹೆಂಡತಿಯನ್ನೂ ಎಳೆಯ ಮಗನನ್ನೂ ಗುಂಡಿಟ್ಟು ಕೊಂದು ತಾನೂ ಸತ್ತನೆಂಬ ಸುದ್ದಿಯೊಡನೆ ಕಥೆ ಮೊದಲಾಗುತ್ತದೆ. ಮನೆಯಲ್ಲಿ ಉಳಿದುದು ಒಂದು ಹಸುಗೂಸು ಮಾತ್ರ. ಲ್ಯೂಕನ ಬಾಲ್ಯಸ್ನೇಹಿತನಾದ ಆರನ್ ಫಾಕ್ ಮೆಲ್ಬೋರ್ನಿನಲ್ಲಿ ಹಣಕಾಸಿನ ಅಪರಾಧಗಳನ್ನು ತನಿಖೆಮಾಡುವ ಪೋಲೀಸು ಅಧಿಕಾರಿ. ಶವಸಂಸ್ಕಾರಕ್ಕೆಂದು ಅವನು ಊರಿಗೆ ಮರಳುತ್ತಾನೆ. ಆದರೆ ಆ ಊರು ಅವನಿಗೆ ತವರಲ್ಲ. ಇಪ್ಪತ್ತು ವರ್ಷಗಳ ಹಿಂದೆ ಎಲಿ ಎಂಬ ಹುಡುಗಿ ಹೊಳೆಯಲ್ಲಿ ಸತ್ತುಬಿದ್ದಾಗ, ಊರವರು ಸಂಶಯಪಟ್ಟು ಅವನನ್ನೂ ಅವನ ತಂದೆಯನ್ನೂ ಹೊರಗಟ್ಟಿದ್ದರು. ಈಗ ಫಾಕ್ ಆ ಹೊಳೆಯ ಬಳಿಗೆ ಹೋದರೆ ನೀರೇ ಇಲ್ಲ. ಬತ್ತಿದ ಪಾತ್ರ ಬಿದ್ದಿದೆ.

ಬರಗಾಲವು ಈ ಕಾದಂಬರಿಯಲ್ಲಿ ಬರಿಯ ಹಿನ್ನೆಲೆಯಲ್ಲ. ಬೆಳೆಯಿಲ್ಲದ ಊರಿನಲ್ಲಿ ಸಾಲವುಂಟು, ಅಭಿಮಾನಭಂಗವುಂಟು, ಎಲ್ಲರಿಗೂ ಎಲ್ಲರ ಮೇಲೂ ಕೋಪವುಂಟು. ಅಂತಹ ಕಡೆ ಒಬ್ಬ ರೈತನು ಮತಿಗೆಟ್ಟು ಮನೆಯವರನ್ನೇ ಕೊಂದನೆಂದರೆ ಜನರು ಕೂಡಲೇ ನಂಬಿಬಿಡುತ್ತಾರೆ. ಸುಲಭವಾಗಿ ನಂಬಬಹುದಾದ ಸುಳ್ಳಿಗೆ ಬರವೇ ಗೊಬ್ಬರವಾಗುತ್ತದೆ. ಮಳೆಗಾಗಿ ಮುಗಿಲನ್ನು ನೋಡಿ ಬಲ್ಲ ನಮ್ಮ ಬಯಲುಸೀಮೆಯ ಓದುಗರಿಗೆ ಈ ಭಾಗಗಳಿಗೆ ಟೀಕೆ ಬೇಕಾಗುವುದಿಲ್ಲ. ಹಾರ್ಪರ್ ಅವರ ವಿಶೇಷವಿರುವುದು ಇನ್ನೊಂದು ಕಡೆ. ಈಗಿನ ಕೊಲೆಗಳ ಗಂಟು ಬಿಚ್ಚಿದ ಮೇಲೂ ಕಾದಂಬರಿ ಮುಗಿಯುವುದಿಲ್ಲ. ಇಪ್ಪತ್ತು ವರ್ಷಗಳಿಂದ ಒಬ್ಬರ ಮೇಲೊಬ್ಬರು ದೂರು ಹೊರಿಸಲು ಮಾತ್ರ ಊರಿನವರಿಗೆ ಬೇಕಾಗಿದ್ದ ಆ ಹುಡುಗಿಯ ಬಳಿಗೆ ಲೇಖಕಿ ಮರಳಿ ಹೋಗುತ್ತಾರೆ. ಅವಳಿಗೂ ಒಂದು ಜೀವ, ಒಂದು ಆಸೆ, ಒಂದು ಭಯ ಇತ್ತೆಂಬುದನ್ನು ತಿಳಿಸಿಯೇ ಪುಸ್ತಕವನ್ನು ಮುಚ್ಚುತ್ತಾರೆ. ಅಲ್ಲಿ ಪತ್ತೇದಾರನ ಕೆಲಸವು ತರ್ಪಣದಂತೆ ತೋರುತ್ತದೆ. ಇಂಗ್ಲೆಂಡಿನ ಅಪರಾಧಸಾಹಿತ್ಯ ಲೇಖಕರ ಸಂಘವು ೨೦೧೭ರಲ್ಲಿ ತನ್ನ ಸುವರ್ಣಕಠಾರಿ ಪ್ರಶಸ್ತಿಯನ್ನು ಈ ಗ್ರಂಥಕ್ಕೆ ಕೊಟ್ಟುದು ಯೋಗ್ಯವಾಗಿಯೇ ಇದೆ.

ಇವೆರಡರ ಪಕ್ಕದಲ್ಲಿ ಇಂಗ್ಲೆಂಡಿನ ಎರಡು ಜನಪ್ರಿಯ ಗ್ರಂಥಗಳನ್ನು ಇಟ್ಟು ನೋಡಬಹುದು. ಆಂಟನಿ ಹೊರೊವಿಟ್ಜ್ ಅವರ ‘ಮ್ಯಾಗ್‌ಪೈ ಮರ್ಡರ್ಸ್’ (೨೦೧೬) ಕಥೆಯೊಳಗೆ ಕಥೆಯನ್ನು ಹೆಣೆದ ಕೃತಿ. ಸುಸಾನ್ ಎಂಬ ಪ್ರಕಾಶನಸಂಸ್ಥೆಯ ಸಂಪಾದಕಿ ಒಂದು ಪತ್ತೇದಾರಿ ಕಾದಂಬರಿಯ ಹಸ್ತಪ್ರತಿಯನ್ನು ಓದುತ್ತಾಳೆ, ಅದರ ಕೊನೆಯ ಭಾಗವೇ ಇಲ್ಲ, ಬರೆದವನು ಸತ್ತಿದ್ದಾನೆ. ಹಾಳೆಗಳನ್ನು ಹುಡುಕುವುದೂ ಸಾವಿನ ಕಾರಣವನ್ನು ಹುಡುಕುವುದೂ ಒಂದೇ ಕೆಲಸವಾಗುತ್ತದೆ. ಕೈಚಳಕ ಬೆರಗುಗೊಳಿಸುವಂಥದು. ಒಳಗಿನ ಕಥೆಯನ್ನು ೧೯೫೫ರ ಹಳ್ಳಿಯಲ್ಲಿಟ್ಟು ಹಳೆಯ ಶೈಲಿಯನ್ನು ಅವರು ಸಾಧಿಸಿರುವ ರೀತಿ ಪ್ರಶಂಸನೀಯ. ಆದರೆ ಎರಡು ಸಾವುಗಳಲ್ಲಿ ಒಂದಕ್ಕಾದರೂ ಮನಸ್ಸು ಮರುಗುವುದಿಲ್ಲ. ಇದನ್ನು ಗಡಿಯಾರದ ಯಂತ್ರದಂತೆ ಬಿಚ್ಚಿ ನೋಡಿ ಸಂತೋಷಪಡಬಹುದು. ಮಳೆಗಾಲದ ಎರಡು ದಿನಗಳಿಗೆ ಉತ್ತಮ ಸಂಗಾತಿ.

ರಿಚರ್ಡ್ ಆಸ್ಮನ್ ಅವರ ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ (೨೦೨೦) ಮೇಲುನೋಟಕ್ಕೆ ಇನ್ನೂ ಹಗುರ. ಕೆಂಟ್ ಪ್ರಾಂತದ ಒಂದು ವೃದ್ಧರ ವಸತಿಯಲ್ಲಿ ನಾಲ್ವರು ಹಿರಿಯರು ಗುರುವಾರದ ದಿನ ಸೇರಿ, ಪತ್ತೆಯಾಗದೆ ಉಳಿದ ಹಳೆಯ ಕೊಲೆಗಳನ್ನು ಚರ್ಚಿಸುತ್ತಾರೆ. ಹಿಂದೆ ಗೂಢಚಾರಿಣಿಯಾಗಿದ್ದ ಎಲಿಜಬೆತ್, ದಾದಿಯಾಗಿದ್ದ ಜಾಯ್ಸ್, ಮನೋವೈದ್ಯ ಇಬ್ರಾಹಿಂ, ಕಾರ್ಮಿಕ ನಾಯಕ ರಾನ್—ಇವರ ಮಾತುಕತೆಯಲ್ಲಿ ನಗೆಗೆ ಕೊರತೆಯಿಲ್ಲ. ಕೊಲೆಯಾದವರ ವಿಷಯದಲ್ಲಿ ಆಸ್ಮನ್ ಅವರಿಗೂ ಹೆಚ್ಚಿನ ಮರುಕವಿಲ್ಲ. ಆದರೆ ಕರುಣವು ಇಲ್ಲಿ ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಈ ಕೂಟದ ಹಿಂದಿನ ಒಡನಾಡಿ ಪೆನ್ನಿ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಎಲಿಜಬೆತ್ ಅವಳ ಬಳಿ ಕುಳಿತು ಎಲ್ಲವನ್ನೂ ಹೇಳುತ್ತಾಳೆ. ಎಲಿಜಬೆತ್‌ಳ ಗಂಡನ ನೆನಪು ದಿನದಿನಕ್ಕೆ ಮಾಸುತ್ತಿದೆ. ಸಾವಿನ ಹೊಸ್ತಿಲಲ್ಲಿ ಕುಳಿತವರು ಅನ್ಯರ ಸಾವನ್ನು ಕುರಿತು ನಗುನಗುತ್ತ ಲೆಕ್ಕ ಹಾಕುವುದರಲ್ಲಿ ಒಂದು ಧೈರ್ಯವುಂಟು. ಮನೆಯ ಹಿರಿಯರಿಗೆ ಓದಿ ಹೇಳಲು ಈ ಗ್ರಂಥ ಬಹಳ ಯೋಗ್ಯವಾದುದು.

ಇನ್ನು ನಮ್ಮ ನಾಡನ್ನೇ ರಂಗಭೂಮಿಯಾಗುಳ್ಳ ಎರಡು ಇಂಗ್ಲಿಷ್ ಕಾದಂಬರಿಗಳು. ಪರಿಸರವಿಜ್ಞಾನದ ಪ್ರಾಧ್ಯಾಪಕಿಯಾದ ಹರಿಣಿ ನಾಗೇಂದ್ರ ಅವರ ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’ (೨೦೨೨) ನಮ್ಮನ್ನು ೧೯೨೧ರ ಬೆಂಗಳೂರಿಗೆ ಕರೆದೊಯ್ಯುತ್ತದೆ. ನಾಯಿಕೆ ಕಾವೇರಿ; ವೈದ್ಯನಾದ ರಾಮುವಿನ ಕೈಹಿಡಿದು ಆಗತಾನೆ ನಗರಕ್ಕೆ ಬಂದ ತರುಣಿ; ಗಣಿತದಲ್ಲಿ ಅತ್ಯಾಸಕ್ತಿಯುಳ್ಳವಳು. ೧೯೧೭ರಲ್ಲಿ ಸ್ಥಾಪಿತವಾದ ಸೆಂಚುರಿ ಕ್ಲಬ್ಬಿನ ಔತಣದ ರಾತ್ರಿ ಕೊಲೆಯೊಂದು ನಡೆಯುತ್ತದೆ. ಸಂಶಯದ ಬಲೆಗೆ ಸಿಕ್ಕ ಅಸಹಾಯ ಸ್ತ್ರೀಯೊಬ್ಬಳನ್ನು ಕಾಪಾಡಬೇಕೆಂದು ಕಾವೇರಿ ತಾನೇ ತನಿಖೆಗೆ ಇಳಿಯುತ್ತಾಳೆ. ಮರ್ಯಾದಸ್ತರ ಮನೆಯ ಸೊಸೆ, ಮರ್ಯಾದಸ್ತರು ಹೆಸರೆತ್ತದ ಹೆಣ್ಣೊಬ್ಬಳ ಪಕ್ಷ ವಹಿಸುವುದೇ ಇಲ್ಲಿನ ಸಾರ. ಆದರೆ ಲೇಖಕಿಗೆ ತಮ್ಮ ಪಾತ್ರಗಳ ಮೇಲೆ ಎಷ್ಟು ವಾತ್ಸಲ್ಯವೆಂದರೆ, ಕಾವೇರಿಯ ದಾರಿಯಲ್ಲಿ ಮುಳ್ಳುಗಳು ಬೇಗನೆ ಸರಿದುಹೋಗುತ್ತವೆ. ಗಂಡನು ಅತಿಯಾಗಿ ಒಳ್ಳೆಯವನು. ಕಾಲ, ಬೀದಿ, ತೋಟ, ಊಟ ಉಪಚಾರಗಳ ಚಿತ್ರ ಮನೋಹರವಾಗಿದೆ. ಶಾಲೆಯ ಮೇಲಿನ ತರಗತಿಗಳಲ್ಲಿ ಓದುವ ಹೆಣ್ಣುಮಕ್ಕಳ ಕೈಗೆ ನಿಸ್ಸಂಕೋಚವಾಗಿ ಕೊಡತಕ್ಕ ಪುಸ್ತಕ.

ಅನಿತಾ ನಾಯರ್ ಅವರ ‘ಕಟ್ ಲೈಕ್ ವೂಂಡ್’ (೨೦೧೨) ಅಂತಹುದಲ್ಲ. ಅದು ಪ್ರೌಢರಿಗೆ ಮಾತ್ರ. ಇದರ ಬೆಂಗಳೂರು ಈ ಕಾಲದ್ದು. ರಂಜಾನ್ ತಿಂಗಳ ಮೊದಲ ರಾತ್ರಿಯಲ್ಲಿ ಕಥೆ ಆರಂಭವಾಗುತ್ತದೆ. ಒಬ್ಬ ಗಂಡಸು ಹೆಣ್ಣಿನ ಉಡುಪನ್ನುಟ್ಟು ಭುವನಾ ಎಂಬ ಹೆಸರಿನಲ್ಲಿ ಬೀದಿಗೆ ಇಳಿಯುತ್ತಾನೆ. ಕೊಲೆಗಳು ಒಂದರ ಹಿಂದೊಂದು ನಡೆಯುತ್ತವೆ. ಮನೆಯಲ್ಲಿಯೂ ಠಾಣೆಯಲ್ಲಿಯೂ ಯಾರೊಡನೆಯೂ ಹೊಂದದ ಬೋರೇಗೌಡ ಎಂಬ ಇನ್ಸ್‌ಪೆಕ್ಟರನು, ಊರು ಬೇಗನೆ ಮರೆಯುವ ಈ ಸಾವುಗಳನ್ನು ಮರೆಯಲೊಲ್ಲನು. ಗೌಡನ ಚಿತ್ರ ಬಹು ಸಹಜವಾಗಿ ಬಂದಿದೆ. ಆದರೆ ಸಮಾಜವು ಮೊದಲೇ ದೂರವಿಟ್ಟಿರುವ ಒಂದು ವರ್ಗಕ್ಕೆ ಕೊಲೆಯ ಭೀತಿಯನ್ನು ಅಂಟಿಸುವುದರಲ್ಲಿ ಅಪಾಯವುಂಟು. ಲೇಖಕಿಗೆ ಭುವನಾಳ ಹಂಬಲದಲ್ಲಿ ಅನುಕಂಪವಿದೆ. ಆದರೆ ಭಯಾನಕವು ಮೇಲೆದ್ದ ಕಡೆಗಳಲ್ಲಿ ಆ ಅನುಕಂಪ ಕೆಳಗೆ ಸರಿಯುತ್ತದೆ.

ಈ ಎರಡು ಗ್ರಂಥಗಳ ಪಾತ್ರಗಳಲ್ಲಿ ಅನೇಕರು ಮನೆಯಲ್ಲಿ ಆಡುವ ಭಾಷೆ ಕನ್ನಡ. ನಮಗೆ ಅವರು ದೊರೆಯುವುದು ಇಂಗ್ಲಿಷಿನಲ್ಲಿ. ಹಾಗೆಂದು ಕನ್ನಡದಲ್ಲಿ ಮಾದರಿಯಿಲ್ಲವೆನ್ನುವಂತಿಲ್ಲ. ೧೯೮೭ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ಕ್ಕೆ ಪತ್ತೇದಾರಿ ಕಾದಂಬರಿಯ ಚೌಕಟ್ಟಿದೆಯೆಂಬುದನ್ನು ನಮ್ಮ ಗಂಭೀರ ವಾಚಕರು ಮರೆತುಬಿಡುತ್ತಾರೆ. ಮಲೆನಾಡಿನ ಕೆಸರೂರು, ಏಲಕ್ಕಿಯ ಬೆಳೆಯ ಅವನತಿ, ಜೋಗಿಹಾಳರೆಂಬ ವಿಜ್ಞಾನಿಯ ಸಾವು, ತನಿಖೆಗೆಂದು ಬರುವ ಅಂಗಡಿ—ಉಪಕರಣಗಳೆಲ್ಲವೂ ಈ ಪ್ರಕಾರದವೇ. ಆದರೆ ಒಬ್ಬನ ಸಾವಿಗೆ ಕಾರಣವನ್ನು ಹುಡುಕುತ್ತ ಹೋದಂತೆ ಒಂದು ಊರು ಒಳಗೊಳಗೇ ಸಾಯುತ್ತಿರುವ ಕಾರಣಗಳು ಕಣ್ಣಿಗೆ ಬೀಳುತ್ತವೆ: ಕಾಡಿನ ನಾಶ, ಜಾತಿಮತಗಳ ವೈಷಮ್ಯ, ಹಣದ ಆಸೆ, ಎಲ್ಲರ ಅಲಕ್ಷ್ಯ. ಕೊಲೆಗಾರನೊಬ್ಬನನ್ನು ಹಿಡಿದುಕೊಟ್ಟರೆ ಇವು ತೀರತಕ್ಕವಲ್ಲ. ಹಾಸ್ಯದ ಹೊದಿಕೆಯೊಳಗೆ ಇಷ್ಟು ದುಃಖವನ್ನು ತುಂಬಿದ ಇನ್ನೊಂದು ರಹಸ್ಯಕಥೆಯನ್ನು ನಾನು ಓದಿಲ್ಲ.

ಹಿರಿಯರ ಸಂಶಯಕ್ಕೆ ಈಗ ಸಮಾಧಾನ ಹೇಳಬಹುದು. ಕೊಲೆಯ ಕಥೆ ಓದುವುದರಲ್ಲಿ ದೋಷವಿಲ್ಲ. ಸತ್ತವರನ್ನು ಮರೆತು ಓದುವುದರಲ್ಲಿ ದೋಷವುಂಟು, ಅವರನ್ನು ಮರೆಯುವಂತೆ ಬರೆಯುವುದರಲ್ಲಿ ಇನ್ನೂ ಹೆಚ್ಚಿನ ದೋಷವುಂಟು. ಓದಿ ಮುಗಿಸಿ ಎಂಟು ದಿನ ಕಳೆದ ಮೇಲೆ, ಕೊಂದವರ ಹೆಸರಿನೊಡನೆ ಸತ್ತವರ ಹೆಸರೂ ನೆನಪಿನಲ್ಲಿ ಉಳಿದಿದೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಲಿ. ಉಳಿದಿದ್ದರೆ ಆ ಪುಸ್ತಕವನ್ನು ನಡುಮನೆಯ ಕಪಾಟಿಗೆ ತರಲು ಸಂಕೋಚಪಡಬೇಕಾಗಿಲ್ಲ. ಮೇಲೆ ಹೇಳಿದವುಗಳಲ್ಲಿ ಹಿಗಾಶಿನೊ, ಹಾರ್ಪರ್, ತೇಜಸ್ವಿ ಈ ಮೂವರ ಗ್ರಂಥಗಳಿಗೆ ಆ ಸ್ಥಾನ ಸಲ್ಲುತ್ತದೆ. ಸಂಘಗಳ ವಾಚನಾಲಯಗಳು ಇವನ್ನು ತರಿಸಿಡಲಿ. ಇಂಗ್ಲಿಷ್ ಬಲ್ಲ ತರುಣರಲ್ಲಿ ಯಾರಾದರೂ ‘ದಿ ಡ್ರೈ’ ಕಾದಂಬರಿಯನ್ನು ನಮ್ಮ ಬಯಲುಸೀಮೆಯ ಮಾತಿನ ಗತ್ತಿಗೆ ಹೊಂದುವಂತೆ ಕನ್ನಡಿಸಲು ಮುಂದೆ ಬರಲಿ. ಬರವನ್ನೂ ಊರಿನ ಮೌನವನ್ನೂ ಹೇಳಲು ನಮ್ಮ ಭಾಷೆಯಲ್ಲಿ ಮಾತುಗಳಿಗೆ ಬಡತನವಿಲ್ಲ.